ನೆರಳು ಯಾರಪ್ಪನ ಸ್ವತ್ತು?

ಸೂರ್ಯನಿಗೆ ಜಾತಿಯಿಲ್ಲ ಅನ್ನುವ ಮಾತನ್ನು ನಾವು ಭಾಷಣಗಳಲ್ಲಿ ಬಹಳ ಸಲ ಹೇಳಿದ್ದೇವೆ. ಗಾಳಿ, ನೀರು, ಬೆಳಕು ಎಲ್ಲರಿಗೂ ಒಂದೇ, ಬೇಲಿ ಹಾಕಿದವನು ಮನುಷ್ಯ ಅಂತ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಸೂರ್ಯನಿಗೆ ಜಾತಿಯಿಲ್ಲ ನಿಜ, ನೆರಳಿಗೆ ಇದೆ. ಬಿಸಿಲು ಪುಕ್ಕಟೆ ಸಿಗುತ್ತದೆ. ನೆರಳಿಗೆ ಗೋಡೆ ಬೇಕು, ಸೂರು ಬೇಕು, ಮರ ನೆಡೋಕೆ ಸ್ವಂತ ನೆಲ ಬೇಕು, ಕೂಲಿಗೆ ಹೋಗದೆ ಒಂದು ದಿನ ಮನೇಲಿ ಕೂರುವ ತಾಕತ್ತು ಬೇಕು. ಇವು ಯಾವುವೂ ನಮ್ಮ ಹಟ್ಟಿಗಳಲ್ಲಿ ರಾಶಿ ಬಿದ್ದಿರಲಿಲ್ಲ, ಇವತ್ತೂ ಬಿದ್ದಿಲ್ಲ.

ಕನ್ನಡದಲ್ಲಿ ನೆರಳು ಅನ್ನುವ ಪದಕ್ಕೆ ಎರಡು ಅರ್ಥ. ಒಂದು, ನಮ್ಮ ಮೈಯಿಂದ ನೆಲದ ಮೇಲೆ ಬೀಳುವ ನೆರಳು. ಅದು ಅವರಿಗೆ ಮೈಲಿಗೆಯಾಗಿತ್ತು. ನಮ್ಮ ತಾತ ಊರೊಳಗೆ ನಡೆಯುವಾಗ ತನ್ನ ನೆರಳು ಯಾರ ಮೇಲೂ ಬೀಳದಂತೆ ಗೋಡೆಯ ಬದಿಗೆ ಸರಿದು ನಡೆಯುತ್ತಿದ್ದ. ಇನ್ನೊಂದು, ಬಿಸಿಲಿಂದ ಕಾಯುವ ನೆರಳು. ಅದು ನಮಗೆ ನಿಷಿದ್ಧವಾಗಿತ್ತು. ಅದೇ ತಾತ ಮಟಮಟ ಮಧ್ಯಾಹ್ನ ಒಡೆಯರ ಜಗಲಿಯ ನೆರಳಲ್ಲಿ ಅರೆಗಳಿಗೆ ಕುಕ್ಕರುಗಾಲಲ್ಲಿ ಕೂರುವಂತಿರಲಿಲ್ಲ. ಬಿಸಿಲಲ್ಲಿ ನಿಂತೇ ರಾಗಿ ಅಳೆಸಿಕೊಂಡು ಬರಬೇಕಾಗಿತ್ತು.

ಈ ಹಳೇ ಸಂಗತಿ ಈಗ ಯಾಕೆ ಬಂತು ಅಂದರೆ, ನಮ್ಮ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ನಮ್ಮಕ್ಕನ ಮಗ. ಅವನಿಗೆ ನೆರಳೇ ಔಷಧಿ. ಬೇರೆ ಔಷಧಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಅವನ ಕಾಯಿಲೆಯ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್. ಒಣಗಿ ಬಣ್ಣಗಟ್ಟಿದ ಚರ್ಮ ಅಂತ ಅದರ ಅರ್ಥ. 1870ರಲ್ಲಿ ವಿಯೆನ್ನಾ ನಗರದ ಚರ್ಮದ ವೈದ್ಯ ಮೋರಿಟ್ಜ್ ಕಪೋಸಿ ಇದನ್ನು ಮೊದಲು ವಿವರಿಸಿ ಬರೆದ. ಬರೆಯುವುದಕ್ಕೆ ಬಳಸುತ್ತಿದ್ದ ಒಣ ತೊಗಲಿಗೆ ಆ ಚರ್ಮವನ್ನು ಹೋಲಿಸಿದ್ದ. ನಮ್ಮದು ಚರ್ಮದ ಕಸುಬಿನ ಮನೆ. ಹೋಲಿಕೆ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸುಣ್ಣದ ತೊಟ್ಟಿಯಿಂದ ತೆಗೆದು, ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ತೊಗಲನ್ನು ತಾತ ಎಂದೂ ಉರಿಬಿಸಿಲಿಗೆ ಹಾಕುತ್ತಿರಲಿಲ್ಲ. "ಚರ್ಮ ನೆಳ್ಳಲ್ಲಿ ಒಣಗ್ಬೇಕು ಕಣ್ಲಾ, ಬಿಸ್ಲಿಗಾಕುದ್ರೆ ಸೆಟ್ಕಂಡು ಸೀಳ್ಕಂತದೆ" ಅನ್ನುತ್ತಿದ್ದ. ಸತ್ತ ದನದ ಚರ್ಮಕ್ಕೆ ನಮ್ಮ ಹಟ್ಟಿಯಲ್ಲಿ ಇಷ್ಟು ಮರ್ಯಾದೆ ಇತ್ತು.

ಅಕ್ಕನ ಮಗ ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದ. ಒಂದೂವರೆ ವರ್ಷದ ಹೊತ್ತಿಗೆ ಮುಖದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಎದ್ದವು. ಆಮೇಲೆ ಕೈಗೆ, ಕತ್ತಿಗೆ. ಅಂಗಿ ಮುಚ್ಚಿದ ಕಡೆ ಮೈ ಹುಟ್ಟಿದ ಬಣ್ಣದಲ್ಲೇ ಇತ್ತು. ಅಂಗಳಕ್ಕೆ ಬಂದರೆ ಕಣ್ಣು ಮುಚ್ಚಿಕೊಂಡು ಅಕ್ಕನ ಸೆರಗಿನೊಳಗೆ ಮುಖ ತೂರಿಸುತ್ತಿದ್ದ. ಅಕ್ಕ ಕಡ್ಲೇಕಾಯಿ ಹೊಲಕ್ಕೆ ಕಳೆ ಕೀಳೋಕೆ ಹೋಗುವವಳು. ಕೂಸನ್ನು ಬದುವಿನ ಮೇಲೆ ಹಳೇ ಸೀರೆ ಹಾಸಿ ಮಲಗಿಸುತ್ತಿದ್ದಳು. ಪಾವಗಡದ ಸೀಮೆಯ ಬದುವಿನ ಮೇಲೆ ಎಂಥ ಮರ ಇರುತ್ತದೆ ಅನ್ನುವುದು ಆ ಕಡೆ ಬಂದವರಿಗೆಲ್ಲ ಗೊತ್ತು.

ಊರು ತೀರ್ಪು ಕೊಡೋಕೆ ತಡ ಮಾಡಲಿಲ್ಲ. "ಗ್ರಾಣದ ದಿನ ಬಸ್ರಿ ಆಚಿಗ್ ಬಂದಿದ್ಲಂತೆ, ಅದ್ಕೇ ಕೂಸಿಗೆ ಗ್ರಾಣ ಹಿಡ್ಕಂಡೈತೆ" ಅಂದರು. ಶಾಸ್ತ್ರ ಹೇಳುವವರು ಸರ್ಪದೋಷ ಅಂದರು, ಹಿಂದಿನ ಜನ್ಮದ ಕರ್ಮ ಅಂದರು. ಪೂಜೆಗೆ ಎರಡು ಕುರಿ ಹೋದವು. ಕೆಲವರು ತೊನ್ನು ಅಂದರು, ಕೆಲವರು ದೊಡ್ಡರೋಗ ಅಂದರು. ನೀರಿನ ನಲ್ಲಿಯ ಹತ್ತಿರ ನಮ್ಮವರೇ ಅಕ್ಕನ ಬಿಂದಿಗೆಯನ್ನು ದೂರ ಇಡೋಕೆ ಶುರು ಮಾಡಿದರು. ಊರಿಗೆ ನಾವು ಅಸ್ಪೃಶ್ಯರು, ಹಟ್ಟಿಗೆ ಅಕ್ಕನ ಮನೆ ಅಸ್ಪೃಶ್ಯ. ಮೇಲಿನವರು ಕಲಿಸಿದ ಪಾಠವನ್ನು ನಾವು ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದೇವೆ ನೋಡಿ. ಇಷ್ಟೆಲ್ಲದರಲ್ಲಿ ಗಂಡಸಿನ ಹೆಸರನ್ನು ಯಾರೂ ಎತ್ತಲಿಲ್ಲ. ಪಾಪವೆಲ್ಲ ಹೆತ್ತ ಹೊಟ್ಟೆಯದೇ ಆಗಿತ್ತು.

ಡಾಕ್ಟರುಗಳೇನು ಕಡಿಮೆಯೇ? ಒಬ್ಬರು ಅಲರ್ಜಿ ಅಂದರು, ಒಬ್ಬರು ರಕ್ತ ಕೆಟ್ಟಿದೆ ಅಂದರು, ಒಬ್ಬರು ಸ್ನಾನ ಸರಿಯಾಗಿ ಮಾಡಿಸಿ ಅಂದರು. ಕಪ್ಪು ಮೈಗೆ ಬಿಸಿಲು ಏನೂ ಮಾಡುವುದಿಲ್ಲ, ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಅನ್ನುವ ನಂಬಿಕೆ ಓದಿದವರಲ್ಲೂ ಇದೆ. ಕಪ್ಪು ಬಣ್ಣ ಬಿಸಿಲಿಗೆ ಒಂದಿಷ್ಟು ತಡೆ ಒಡ್ಡುವುದು ನಿಜ. ಆದರೆ ಈ ಕಾಯಿಲೆಯವರಿಗೆ ಆ ತಡೆ ಸಾಲದು. ಹುಡುಗನಿಗೆ ಏಳು ವರ್ಷವಾದಾಗ ಮೂಗಿನ ಬದಿಯಲ್ಲಿ ಒಂದು ಹುಣ್ಣಾಯಿತು. ಮಾಯಲಿಲ್ಲ. ಮುಟ್ಟಿದರೆ ರಕ್ತ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಅದನ್ನು ಕತ್ತರಿಸಿ, ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಅಂದರು. ಏಳು ವರ್ಷದ ಹುಡುಗನ ಮೂಗಿಗೆ ಎಂಬತ್ತರ ಮುದುಕರ ಕಾಯಿಲೆ! ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಚೀಟಿಯ ಹಿಂದೆ ಚಿತ್ರ ಬರೆದು ಎಲ್ಲವನ್ನೂ ಹೇಳಿದರು. ಆಮೇಲೆ ನಾನೂ ಸಿಕ್ಕಿದ್ದನ್ನೆಲ್ಲ ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಹಳ್ಳಿಯ ಮೇಷ್ಟ್ರುಗಳು ದಯವಿಟ್ಟು ಗಮನವಿಟ್ಟು ಓದಬೇಕು.

ಬಿಸಿಲಿನೊಳಗೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಚರ್ಮದ ಜೀವಕೋಶದೊಳಕ್ಕೆ ಇಳಿದು ಅಲ್ಲಿರುವ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಡಿಎನ್‌ಎ ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದದ ಬರಹ. ಪೆಟ್ಟು ಬಿದ್ದಾಗ ಪಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇದು ನನಗೂ ಆಗುತ್ತದೆ, ನಿಮಗೂ ಆಗುತ್ತದೆ, ದಿನಾ ಆಗುತ್ತದೆ. ಆದರೆ ನಮ್ಮ ಜೀವಕೋಶಗಳಲ್ಲಿ ರಿಪೇರಿಯವರಿದ್ದಾರೆ. ಕೆಟ್ಟ ಜಾಗವನ್ನು ಹುಡುಕಿ, ಆಚೀಚೆ ಸೇರಿಸಿ ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸ ತುಂಡು ತುಂಬಿ ಬೆಸೆಯುತ್ತಾರೆ. ತಾತ ಸವೆದ ಅಟ್ಟೆಯನ್ನು ರಂಪಿಗೆಯಿಂದ ಕತ್ತರಿಸಿ ತೆಗೆದು ಹೊಸ ತುಂಡು ಸೇರಿಸಿ ಹೊಲಿಯುತ್ತಿದ್ದನಲ್ಲ, ಹಾಗೆ. ಈ ಹುಡುಗನಂಥವರಲ್ಲಿ ರಿಪೇರಿಯವರಲ್ಲಿ ಒಬ್ಬ ಇಲ್ಲ, ಅಥವಾ ಇದ್ದೂ ಕೆಲಸ ಬಾರದವನು. ಪೆಟ್ಟುಗಳು ಹಾಗೇ ಉಳಿಯುತ್ತವೆ. ಜೀವಕೋಶ ಎರಡಾಗುವಾಗ ಅಕ್ಷರಗಳು ತಪ್ಪಾಗಿ ನಕಲಾಗುತ್ತವೆ. ತಪ್ಪುಗಳು ಸೇರಿ ಸೇರಿ ಒಂದು ದಿನ ಕ್ಯಾನ್ಸರ್ ಆಗುತ್ತದೆ.

ಕಪೋಸಿ ಬರೆದ ಮೇಲೆ ಸುಮಾರು ನೂರು ವರ್ಷ ಇದರ ಕಾರಣ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕ್ಲೀವರ್ ಅನ್ನುವ ವಿಜ್ಞಾನಿ ದಿನಪತ್ರಿಕೆಯಲ್ಲಿ ಈ ಕಾಯಿಲೆಯ ಬಗ್ಗೆ ಬಂದ ಬರಹ ಓದಿ, ರೋಗಿಗಳ ಜೀವಕೋಶ ತರಿಸಿ ನೋಡಿ, ಅವುಗಳಲ್ಲಿ ಡಿಎನ್‌ಎ ರಿಪೇರಿ ನಡೆಯುತ್ತಿಲ್ಲ ಅಂತ 1968ರಲ್ಲಿ ತೋರಿಸಿಕೊಟ್ಟ. ಈ ಕತ್ತರಿಸಿ ತುಂಬುವ ಕೆಲಸದ ಒಳಗುಟ್ಟನ್ನು ಬಿಡಿಸಿದವನು ಅಜೀಜ್ ಸಂಜಾರ್. ಟರ್ಕಿ ದೇಶದ ಸಾವೂರ್ ಅನ್ನುವ ಸಣ್ಣ ಊರಿನವನು. ಎಂಟು ಮಕ್ಕಳ ಮನೆ, ಅಪ್ಪ ಅಮ್ಮ ಓದು ಬರಹ ಕಾಣದವರು. 2015ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನವನ್ನು ಅವನು ತೋಮಾಸ್ ಲಿಂಡಾಲ್, ಪಾಲ್ ಮೋಡ್ರಿಚ್ ಜೊತೆ ಹಂಚಿಕೊಂಡ. ಓದಿಲ್ಲದ ಅಪ್ಪ ಅಮ್ಮನ ಮಕ್ಕಳಿಗೆ ಪಾಠ ಮಾಡುವ ನಮ್ಮಂಥವರು ಈ ಸಂಗತಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಬೇಕು.

ಈಗ ಲೆಕ್ಕ ಕೇಳಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೈದ್ಯರು 1971ರಿಂದ 2009ರವರೆಗೆ ಈ ಕಾಯಿಲೆಯ 106 ಜನರನ್ನು ನೋಡಿಕೊಂಡು ಬಂದು 2011ರಲ್ಲಿ ವರದಿ ಪ್ರಕಟಿಸಿದರು. ಇಪ್ಪತ್ತು ವರ್ಷದೊಳಗಿನ ರೋಗಿಗಳಿಗೆ ಸಾಮಾನ್ಯ ಚರ್ಮದ ಕ್ಯಾನ್ಸರ್ ಬರುವ ಸಂಭವ ಅದೇ ವಯಸ್ಸಿನ ಬೇರೆಯವರಿಗಿಂತ 10,000 ಪಟ್ಟು ಹೆಚ್ಚು. ಮೆಲನೋಮ ಅನ್ನುವ ಘೋರ ಜಾತಿಯ ಕ್ಯಾನ್ಸರ್ ಬರುವ ಸಂಭವ 2,000 ಪಟ್ಟು ಹೆಚ್ಚು. ಆ ದೇಶದಲ್ಲಿ ಬೇರೆಯವರಿಗೆ ಚರ್ಮದ ಕ್ಯಾನ್ಸರ್ ಮೊದಲು ಕಾಣುವುದು ಸಾಮಾನ್ಯವಾಗಿ 67ರ ಸುಮಾರಿಗೆ. ಇವರಿಗೆ 9ನೇ ವಯಸ್ಸಿಗೆ. ತೀರಿಕೊಂಡವರಲ್ಲಿ ಅರ್ಧ ಜನ 32 ವರ್ಷ ದಾಟಿರಲಿಲ್ಲ. ಬರೀ ಚರ್ಮವಲ್ಲ, ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆ ಮಬ್ಬಾಗುತ್ತದೆ, ನಾಲಿಗೆಯ ತುದಿಗೂ ಕ್ಯಾನ್ಸರ್ ಬರಬಹುದು. ಸುಮಾರು ಕಾಲು ಭಾಗ ಜನರಿಗೆ ನರಗಳೂ ಸೊರಗಿ ಕಿವಿ ಮಂದವಾಗುತ್ತದೆ, ನಡಿಗೆ ತಪ್ಪುತ್ತದೆ.

ಆದರೆ ಇದೇ ವೈದ್ಯರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಎಳವೆಯಲ್ಲೇ ಗುರುತಿಸಿ, ಬಿಸಿಲಿಗೆ ಬಿಡದೆ ಕಾಪಾಡಿದ ಮಕ್ಕಳಿಗೆ ಕ್ಯಾನ್ಸರ್ ಬಹಳ ಕಡಿಮೆ ಆಗುತ್ತದೆ. ಇದು ಮುಖ್ಯ. ರೋಗ ಹುಟ್ಟಿನಿಂದ ಬಂದದ್ದು, ಅದನ್ನು ಯಾರೂ ತಂದು ಹಾಕಲಿಲ್ಲ. ಆದರೆ ಆ ರೋಗ ಎಷ್ಟು ಬೇಗ ಮುಖವನ್ನು ತಿನ್ನಬೇಕು, ಯಾವ ವಯಸ್ಸಿಗೆ ಮಣ್ಣು ಮಾಡಬೇಕು ಅನ್ನುವುದನ್ನು ನೆರಳು ತೀರ್ಮಾನಿಸುತ್ತದೆ. ನೆರಳನ್ನು ಹಂಚಿದವರು ಮನುಷ್ಯರು.

ಡಾಕ್ಟರಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಗಲು ಹೊತ್ತು ಹೊರಗೆ ಬಿಡಬೇಡಿ. ಉದ್ದ ತೋಳಿನ ದಟ್ಟ ಬಟ್ಟೆ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ. ಮುಖಕ್ಕೆ ಎರಡು ಗಂಟೆಗೊಮ್ಮೆ ಬಿಸಿಲು ತಡೆಯುವ ಮುಲಾಮು. ಕಿಟಕಿಯ ಗಾಜನ್ನು ನಂಬಬೇಡಿ, ಆ ಕಿರಣಗಳಲ್ಲಿ ಒಂದು ಬಗೆ ಗಾಜಿನೊಳಗೂ ಬರುತ್ತದೆ. ಬಿಸಿಲು ಕಾಣದ ಮೈಗೆ ಡಿ ವಿಟಮಿನ್ ಸಿಗುವುದಿಲ್ಲ, ಮಾತ್ರೆ ಕೊಡಿ. ಮೂರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿ, ಹೊಸ ಗಂಟು ಚಿಕ್ಕದಿದ್ದಾಗಲೇ ತೆಗೆಯಬೇಕು. ನಮ್ಮ ಭಾವ ಎಲ್ಲ ಕೇಳಿಸಿಕೊಂಡು ಕೈ ಮುಗಿದು ಕೇಳಿದರು: "ಆಚೆ ಬಿಡ್ಬ್ಯಾಡ ಅಂತೀರ ಸರಿ ಕಣವ್ವ. ಒಳಗೆ ಅನ್ನಾದು ನಮ್ಮನೇಲಿ ಎಲ್ಲೈತೆ?"

ಆ ಪ್ರಶ್ನೆಗೆ ಯಾವ ವೈದ್ಯಶಾಸ್ತ್ರದಲ್ಲೂ ಉತ್ತರವಿಲ್ಲ. ಒಂದೇ ಕೋಣೆ, ಮೇಲೆ ಸಿಮೆಂಟ್ ಶೀಟು, ಏಪ್ರಿಲ್ ತಿಂಗಳಲ್ಲಿ ಒಳಗೆ ಕೂತರೆ ಬೆಂದುಹೋಗುವ ಮನೆ. ನೀರು ಹೊರಗೆ, ಬಯಲು ಹೊರಗೆ, ಊಟ ಬೇಯುವುದೂ ಅರ್ಧ ಹೊರಗೇ. ಮುಲಾಮಿನ ಒಂದು ಟ್ಯೂಬು ಅಕ್ಕನ ಎರಡು ದಿನದ ಕೂಲಿ. ಹಚ್ಚುವ ಹಾಗೆ ಹಚ್ಚಿದರೆ ವಾರಕ್ಕೆ ಮುಗಿಯುತ್ತದೆ. ಬೆಂಗಳೂರಿಗೆ ಹೋಗಿಬರುವ ದಿನ ಇಬ್ಬರ ಕೂಲಿ ಹೋಗುತ್ತದೆ. ಈ ಕಾಯಿಲೆಯ ಚೀಟಿಯಲ್ಲಿ ಬರೆದ ಔಷಧಿ ಅಂಗಡಿಯಲ್ಲಿ ಸಿಗುವುದಲ್ಲ. ಅದು ಮನೆ, ನೆಲ, ರಜೆ, ಸಂಬಳ.

ನಮ್ಮ ಸೀಮೆಯಲ್ಲಿ ಈಚೆಗೆ ಬಿಸಿಲಿಗೂ ಬೆಲೆ ಬಂದಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಎದ್ದಿದೆ. 2,050 ಮೆಗಾವಾಟ್ ಅದರ ಶಕ್ತಿ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು. ಆ ಜಮೀನುಗಳಲ್ಲಿ ಕಳೆ ಕಿತ್ತವರಿಗೆ, ಕುರಿ ಮೇಯಿಸಿದವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ, ಯಾಕೆಂದರೆ ಅವರ ಹೆಸರಲ್ಲಿ ಪಹಣಿ ಇಲ್ಲ. ನೂರಾರು ವರ್ಷ ಬಿಸಿಲು ಹೊತ್ತವರು ನಾವು. ಬಿಸಿಲಿಗೆ ಬಾಡಿಗೆ ಬಂದಾಗ ಅದು ಬೇರೆಯವರ ಹೆಸರಿಗೆ ಬಂತು. ಆ ಹಲಗೆಗಳ ಅಡಿಯಲ್ಲಿ ಮೈಲಿಗಟ್ಟಲೆ ನೆರಳು ಬಿದ್ದಿದೆ. ಅದೂ ಬೇಲಿಯ ಒಳಗೆ.

ಇದು ನಮ್ಮ ಒಂದು ಮನೆಯ ಗೋಳು ಮಾತ್ರವೇ ಅಂತ ನೀವು ಕೇಳಬಹುದು. ಅಲ್ಲ. ಭೂಮಿಯ ಆ ಬದಿಯಲ್ಲಿ ಬ್ರೆಜಿಲ್ ದೇಶವಿದೆ. ಅದರ ನಡುಭಾಗದ ಗೊಯಾಸ್ ರಾಜ್ಯದಲ್ಲಿ ಅರಾರಸ್ ಅನ್ನುವ ಒಂದು ಹಳ್ಳಿ. ಸುಮಾರು 800 ಜನರ ಊರು, ಎಲ್ಲ ಬೇಸಾಯದವರು, ದನ ಕಾಯುವವರು. ಯುರೋಪು ಅಮೆರಿಕದಲ್ಲಿ ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಇರುವ ಈ ಕಾಯಿಲೆ ಆ ಒಂದೇ ಊರಲ್ಲಿ 20ಕ್ಕೂ ಹೆಚ್ಚು ಜನಕ್ಕೆ ಇದೆ. 2014ರಲ್ಲಿ ಆ ಊರಿನ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಭತ್ತ ನೆಟ್ಟು ಕೊಯ್ದು, ದನ ನೋಡಿಕೊಂಡು ಜೀವನವಿಡೀ ಬಿಸಿಲಲ್ಲೇ ಕಳೆದ ರೈತನೊಬ್ಬ ಮೂಗು, ತುಟಿ ಕಳೆದುಕೊಂಡು ಮುಖಕ್ಕೆ ಮುಖವಾಡ ಹಾಕಿಕೊಂಡು ಕೂತಿದ್ದ. ಒಬ್ಬ ಡಾಕ್ಟರು ರಕ್ತದ ತೊಂದರೆ ಅಂದರು, ಇನ್ನೊಬ್ಬರು ಚರ್ಮದ ತೊಂದರೆ ಅಂದರು, 2010ರವರೆಗೆ ಯಾರೂ ನಿಜ ಹೇಳಲಿಲ್ಲ ಅಂತ ಅವನು ಸುದ್ದಿಗಾರರಿಗೆ ಹೇಳಿದ್ದ. ಓದುತ್ತಿದ್ದಾಗ ನನಗೆ ನಮ್ಮ ತಾಲ್ಲೂಕಿನ ಡಾಕ್ಟರುಗಳ ದನಿಯೇ ಕೇಳಿಸಿದಂತಾಯಿತು. ಭಾಷೆ ಬೇರೆ, ಬಣ್ಣ ಬೇರೆ. ಬಡವನ ಕಾಯಿಲೆಗೆ ಎಲ್ಲ ದೇಶದಲ್ಲೂ ಮೊದಲ ಹೆಸರು ರಕ್ತ ಕೆಟ್ಟದ್ದು.

ಆ ಊರಲ್ಲಿ ಒಬ್ಬ ಶಾಲೆಯ ಟೀಚರು ಇದ್ದರು. ಅವರ ಮಗನಿಗೂ ಇದೇ ಕಾಯಿಲೆ. ಆಕೆ ತಾನೇ ಓದಿ ತಿಳಿದುಕೊಂಡರು, ಮನೆಮನೆಯ ಹಿಂದಿನವರ ಸಾವುಗಳನ್ನು ವಿಚಾರಿಸಿದರು, ರೋಗಿಗಳ ಸಂಘ ಕಟ್ಟಿದರು, ಮಕ್ಕಳನ್ನು ಬಿಸಿಲಿಂದ ದೂರ ಇಡಬೇಕು ಅಂತ ಊರಿಗೆಲ್ಲ ಸಾರಿದರು. ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೆಂಕ್ ಅವರ ತಂಡ ಊರಿನವರ ವಂಶವಾಹಿಗಳನ್ನು ಪರೀಕ್ಷಿಸಿ, ಹಿಂದಿನಿಂದ ಬಂದ ಎರಡು ಬೇರೆ ಬೇರೆ ದೋಷಗಳು ಆ ಒಂದೇ ಊರಲ್ಲಿ ಸೇರಿವೆ ಅಂತ 2017ರಲ್ಲಿ ಪ್ರಕಟಿಸಿತು. ಈ ಕಾಯಿಲೆಯಲ್ಲಿ ಎಂಟು ಬಗೆಗಳಿವೆ. ಅರಾರಸ್ ಊರಿನದು ಎಂಟನೆಯದು. ಅದರಲ್ಲಿ ಕತ್ತರಿಸಿ ತುಂಬುವ ರಿಪೇರಿ ಸರಿಯಾಗಿಯೇ ಇರುತ್ತದೆ, ಪೆಟ್ಟು ಬಿದ್ದ ಅಕ್ಷರಗಳನ್ನು ತಪ್ಪಿಲ್ಲದೆ ನಕಲು ಮಾಡಿ ದಾಟಿಸುವ ಕೆಲಸಗಾರ ಇರುವುದಿಲ್ಲ. ನಮ್ಮ ಹುಡುಗನದು ಯಾವ ಬಗೆ ಅನ್ನುವುದಕ್ಕೆ ವಂಶವಾಹಿ ಪರೀಕ್ಷೆ ಆಗಬೇಕು. ಅದರ ಖರ್ಚು ಇನ್ನೂ ಕೂಡಿಬಂದಿಲ್ಲ.

ಒಂದೇ ಊರಲ್ಲಿ ಅಷ್ಟು ಜನಕ್ಕೆ ಯಾಕೆ ಬಂತು? ಊರು ಕಟ್ಟಿದವರು ಕೆಲವೇ ಮನೆತನದವರು. ಅವರಲ್ಲಿ ಕೆಲವರು ಈ ದೋಷ ಹೊತ್ತು ಬಂದಿದ್ದರು. ಮಕ್ಕಳು ಮೊಮ್ಮಕ್ಕಳು ಅಲ್ಲಲ್ಲೇ ಮದುವೆಯಾದರು. ಪ್ರತಿಯೊಂದು ವಂಶವಾಹಿ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ, ಆ ಮನುಷ್ಯನಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಅದೇ ಕೆಟ್ಟ ಪ್ರತಿ ಹೊತ್ತವರಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಮಗು ಹುಟ್ಟುವ ಸಂಭವ. ಗಂಡಾದರೂ ಅಷ್ಟೇ, ಹೆಣ್ಣಾದರೂ ಅಷ್ಟೇ. ಇದರಲ್ಲಿ ಗ್ರಹಣವಿಲ್ಲ, ಸರ್ಪವಿಲ್ಲ, ಹಿಂದಿನ ಜನ್ಮವಿಲ್ಲ. ತಾಯಿಯೊಬ್ಬಳ ತಪ್ಪು ಅಂತೂ ಇಲ್ಲವೇ ಇಲ್ಲ. ಅರ್ಧ ಅಪ್ಪನದು, ಅರ್ಧ ಅಮ್ಮನದು.

ನಮ್ಮಕ್ಕನನ್ನು ಕೊಟ್ಟದ್ದು ನಮ್ಮವ್ವನ ತಮ್ಮನಿಗೆ. ನನಗೆ ಅವರು ಸೋದರಮಾವನೂ ಹೌದು, ಭಾವನೂ ಹೌದು. ಅಕ್ಕನ ಮಗಳು ಸೋದರಮಾವನ ಸ್ವತ್ತು ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಲೀಸು! ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲು ಭಾಗ ವಂಶವಾಹಿಗಳು ಒಂದೇ ಮೂಲದಿಂದ ಬಂದವು. ಒಂದೇ ದೋಷ ಇಬ್ಬರಲ್ಲೂ ಅಡಗಿರುವ ಸಂಭವ ಹೊರಗಿನ ಸಂಬಂಧಕ್ಕಿಂತ ಬಹಳ ಹೆಚ್ಚು. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ಆಗುತ್ತದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಲ್ಲ ಜಾತಿಗಳಲ್ಲೂ ಇದೆ.

ಇದನ್ನು ಕೇಳಿದ ಕೂಡಲೆ ಪಟ್ಟಣದ ಬುದ್ಧಿವಂತರು, ಹಳ್ಳಿಯವರಿಗೆ ತಿಳುವಳಿಕೆ ಇಲ್ಲ ಅಂತ ತಲೆ ಆಡಿಸುತ್ತಾರೆ. ಸ್ವಲ್ಪ ನಿಲ್ಲಿ ಸ್ವಾಮಿ. ನಮ್ಮವ್ವ ಯಾಕೆ ತಮ್ಮನಿಗೇ ಮಗಳನ್ನು ಕೊಟ್ಟಳು? ವರದಕ್ಷಿಣೆ ಕೇಳುವವರಿಲ್ಲ. ಹುಡುಗಿಗೆ ಹೊಡೆದರೆ ಬಡಿದರೆ ಕೇಳೋಕೆ ತನ್ನ ತವರೇ ಇದೆ. ನೆಲ ಇಲ್ಲದವರಿಗೆ ಸಂಬಂಧವೇ ಆಸ್ತಿ. ಅದು ಬುದ್ಧಿ ಇಲ್ಲದೆ ಮಾಡಿದ್ದಲ್ಲ, ಬೇರೆ ದಾರಿ ಇಲ್ಲದೆ ಮಾಡಿದ್ದು. ಹೊರಗೆ ಕೊಡೋಣ ಅಂದರೆ ಹೊರಗೆ ಅನ್ನುವುದು ಎಲ್ಲಿತ್ತು? ಹತ್ತು ಹಳ್ಳಿಯ ಹಟ್ಟಿಗಳು, ಅದರಲ್ಲೂ ನಮ್ಮ ಬೆಡಗು ಅವರ ಬೆಡಗು. ಬೇಲಿಯನ್ನು ನಮ್ಮ ಸುತ್ತ ಕಟ್ಟಿದವರು ಯಾರು?

ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಕುಮಾರಸ್ವಾಮಿ ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೀಚ್ ಅವರ ತಂಡ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿ, ಅವುಗಳಲ್ಲಿ 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ಒಳಗೊಳಗೇ ಮದುವೆಯಾಗುತ್ತಾ ಬಂದದ್ದರ ಗುರುತನ್ನು ಬಲವಾಗಿ ಹೊತ್ತಿವೆ ಅಂತ ಹೇಳಿತು. ಅದರಲ್ಲಿ 14 ಸಮುದಾಯಗಳು ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯವು. ಅಂದರೆ ಅರಾರಸ್ ಅನ್ನುವುದು ಬ್ರೆಜಿಲಿನಲ್ಲಿ ಒಂದು ಹಳ್ಳಿ. ನಮ್ಮ ದೇಶದಲ್ಲಿ ಪ್ರತಿ ಜಾತಿಯೂ ಒಂದೊಂದು ಅರಾರಸ್ ಆಗುವ ದಾರಿಯಲ್ಲಿದೆ. ಅಪರೂಪದ ಕಾಯಿಲೆಗಳು ಅಲ್ಲಲ್ಲಿ ಗುಡ್ಡೆಯಾಗುವುದು ಹೀಗೆ. ಬಾಬಾಸಾಹೇಬರು 1916ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಓದಿದ ಪ್ರಬಂಧದಲ್ಲಿ ಜಾತಿಯ ಜೀವಾಳ ಇರುವುದೇ ಒಳಮದುವೆಯಲ್ಲಿ ಅಂತ ತೋರಿಸಿದ್ದರು. ಡಿಎನ್‌ಎಯ ಆಕಾರ ಜಗತ್ತಿಗೆ ತಿಳಿಯುವುದಕ್ಕೆ ಇನ್ನೂ 37 ವರ್ಷ ಬಾಕಿ ಇತ್ತು. ಮನಸ್ಸಿಗೆ ಕಟ್ಟಿದ ಬೇಲಿ ಮೈಯೊಳಗೂ ಇಳಿಯಿತು ಅನ್ನುವುದನ್ನು ಈಗ ಪ್ರಯೋಗಶಾಲೆಗಳು ಹೇಳುತ್ತಿವೆ. ಜಾತಿ ಬಿಟ್ಟು ಮದುವೆಯಾದವರನ್ನು ಕಡಿದು ಹಾಕುವ ನಾಡಿನಲ್ಲಿ, ಸಂಬಂಧದಲ್ಲಿ ಮದುವೆಯಾಗಬೇಡಿ ಅಂತ ಬಡವರಿಗೆ ಬುದ್ಧಿ ಹೇಳುವುದಷ್ಟೇ ಸಾಲದು.

ಇನ್ನು ಸರ್ಕಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಊನಗಳ ಪಟ್ಟಿ ಇದೆ. ಈ ಕಾಯಿಲೆಯ ಹೆಸರು ಅದರಲ್ಲಿ ಇಲ್ಲ. ಸರ್ಟಿಫಿಕೇಟಿಗೆ ಹೋದಾಗ ಮೇಜಿನ ಹಿಂದಿದ್ದವರು ಹುಡುಗನ ಕೈಕಾಲು ನೋಡಿದರು, ಸರಿಯಾಗಿವೆಯಲ್ಲ ಅಂದರು. ದೃಷ್ಟಿ ಇಷ್ಟು ಕಡಿಮೆಯಾದರೆ ಆಗ ಬನ್ನಿ, ಆ ಕಲಮಿನಲ್ಲಿ ಬರುತ್ತೆ ಅಂದರು. ಅಂದರೆ ಕಣ್ಣು ಉಳಿಸಿಕೊಳ್ಳೋಕೆ ಸಹಾಯ ಇಲ್ಲ. ಕಣ್ಣು ಕಳೆದುಕೊಂಡು ಬಂದರೆ ಪಿಂಚಣಿ ಇದೆ. ಅಕ್ಕ ಹೊರಗೆ ಬಂದು ಅಂದಳು: "ಬಿಸ್ಲು ತಿಂದು ಮುಗುಸ್ಲಿ, ಆಮ್ಯಾಕೆ ಕೊಡ್ತೀವಿ ಅಂತವ್ರೆ ಕಣೋ."

ಹಾಗಂತ ಕಾನೂನಿಗೆ ನೆರಳು ಅನ್ನುವ ಪದ ಗೊತ್ತಿಲ್ಲವೆಂದಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೆ ಮತ್ತು ವಿರಾಮದ ಹೊತ್ತಿಗೆ ನೆರಳು ಇರಬೇಕು ಅಂತ ಬರೆದಿತ್ತು. ಅಕ್ಕ ಕೆರೆ ಹೂಳೆತ್ತುವ ಕೆಲಸಕ್ಕೆ ಹೋದ ಕಡೆಯಲ್ಲಿ ನಾನು ಆ ನೆರಳನ್ನು ಹುಡುಕಿದ್ದೇನೆ. ನಾಲ್ಕು ಗೂಟ, ಒಂದು ಹಸಿರು ಬಟ್ಟೆ, ಫೋಟೋ ತೆಗೆಯುವ ದಿನಕ್ಕೆ ಮಾತ್ರ. ಬರೆದ ನೆರಳಿಗೂ ಬಿದ್ದ ನೆರಳಿಗೂ ನಡುವೆ ಇರುವ ದೂರವೇ ನಮ್ಮ ರಾಜಕೀಯ.

ಹುಡುಗ ಈಗ ಹತ್ತನೇ ತರಗತಿ. ಮೂಗಿನದಾದ ಮೇಲೆ ಕೆಳತುಟಿಗೆ, ಕಣ್ಣಿನ ರೆಪ್ಪೆಗೆ ಹೀಗೆ ಐದು ಸಲ ಕತ್ತರಿಸಿಕೊಂಡಿದ್ದಾನೆ. ಲೆಕ್ಕದಲ್ಲಿ ಚುರುಕು. ಓದಿದ ಒಂದು ಶಾಲೆಯಲ್ಲಿ, ಟೋಪಿ ತೆಗೆಯಲಿಲ್ಲ ಅಂತ ಪ್ರಾರ್ಥನೆಯ ನಂತರ ಬಿಸಿಲಲ್ಲೇ ಅರ್ಧ ಗಂಟೆ ನಿಲ್ಲಿಸಿದರು. ರಾಷ್ಟ್ರಗೀತೆಗೆ ಅಗೌರವವಂತೆ. ಇನ್ನೊಂದು ಶಾಲೆಯಲ್ಲಿ ಒಬ್ಬ ಹೆಡ್‌ಮೇಷ್ಟ್ರು ಸಿಕ್ಕಿದರು. ಅವರು ಒಂದು ರೂಪಾಯಿ ಖರ್ಚಿಲ್ಲದೆ ಮಾಡಿದ ಕೆಲಸಗಳನ್ನು ಹೇಳುತ್ತೇನೆ. ಪ್ರಾರ್ಥನೆಯನ್ನು ಹಜಾರದೊಳಗೆ ತಂದರು. ಹುಡುಗನನ್ನು ಕಿಟಕಿ ಬಾಗಿಲಿಂದ ದೂರದ ಗೋಡೆಯ ಕಡೆ ಕೂರಿಸಿದರು. ಉದ್ದ ತೋಳು, ಟೋಪಿ, ಕನ್ನಡಕಕ್ಕೆ ಅಪ್ಪಣೆ ಕೊಟ್ಟರು. ಆಟದ ಪಿರಿಯಡ್ಡಿನಲ್ಲಿ ಕೇರಂ, ಚದುರಂಗ. ಸಂಜೆ ಹೊತ್ತು ಮುಳುಗಿದ ಮೇಲೆ ಶಾಲೆಯ ಬಯಲಲ್ಲಿ ಕಬಡ್ಡಿ. ಆ ಸಂಜೆಯ ಕಬಡ್ಡಿಗೆ ಹಟ್ಟಿಯ ಹುಡುಗರೂ ಊರಿನ ಹುಡುಗರೂ ಬರುತ್ತಾರೆ. ಮೊದಲ ದಿನ ತರಗತಿಯಲ್ಲಿ ಅವರು ಹುಡುಗನ ಕೈ ಹಿಡಿದು, ಇದು ಅಂಟುಜಾಡ್ಯವಲ್ಲ ನೋಡಿ ಅಂತ ಎಲ್ಲರ ಕೈಯಲ್ಲೂ ಕೈ ಹಿಡಿಸಿದರು. ಇಷ್ಟೇ. ಇಷ್ಟಕ್ಕೆ ನೊಬೆಲ್ ಬಹುಮಾನ ಬೇಕಿಲ್ಲ.

ಆದ್ದರಿಂದ ಮೇಷ್ಟ್ರುಗಳೇ, ಅಂಗನವಾಡಿಯ ಅಕ್ಕಂದಿರೇ, ನಿಮ್ಮ ಮಕ್ಕಳ ಮುಖಗಳನ್ನು ನೋಡಿ. ಎರಡು ವರ್ಷದೊಳಗಿನ ಮಗುವಿನ ಮುಖದಲ್ಲಿ, ಕೈಯಲ್ಲಿ ಬಿಸಿಲು ಬೀಳುವ ಕಡೆ ಮಾತ್ರ ಎಳ್ಳಿನಂಥ ಚುಕ್ಕಿಗಳಿದ್ದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಸ್ವಲ್ಪ ಬಿಸಿಲಿಗೇ ಮೈ ಸುಟ್ಟಂತೆ ಬೊಬ್ಬೆ ಬಂದರೆ ಕೊಳೆ ಅನ್ನಬೇಡಿ, ದೋಷ ಅನ್ನಬೇಡಿ. ಕೆಲವು ಬಗೆಗಳಲ್ಲಿ ಸುಡುವುದಿಲ್ಲ, ಚುಕ್ಕಿ ಮಾತ್ರ ಬರುತ್ತದೆ ಅನ್ನುವುದನ್ನೂ ನೆನಪಿಡಿ. ಚರ್ಮದ ಡಾಕ್ಟರಿಗೆ ತೋರಿಸಿ ಅಂತ ಹೇಳಿ. ಹಾಗೆ ಕಳಿಸಿದ ಒಂದು ಮಗುವಿನ ಮೂಗು ಉಳಿದರೂ ಸಾಕು.

ವಿದ್ಯಾರ್ಥಿ ಗೆಳೆಯರೇ, ಹೋರಾಟದ ಸಂಗಾತಿಗಳೇ, ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ನೆರಳನ್ನೂ ಸೇರಿಸಿ. ಶಾಲೆಯ ಅಂಗಳಕ್ಕೆ ಮರ, ಕೂಲಿಯ ಜಾಗಕ್ಕೆ ಚಪ್ಪರ, ಹಟ್ಟಿಯ ಮನೆಗೆ ಇನ್ನೊಂದು ಕೋಣೆ, ಈ ಮಕ್ಕಳಿಗೆ ಮುಲಾಮು, ಕನ್ನಡಕ, ಬಸ್ಸಿನ ಚಾರ್ಜು, ಕಣ್ಣು ಹೋಗುವ ಮೊದಲೇ ಸರ್ಟಿಫಿಕೇಟು. ಸಣ್ಣ ಮಾತು ಅನ್ನಿಸಬಹುದು. 1927ರಲ್ಲಿ ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದಾಗಲೂ, ಬರೀ ನೀರಿಗಾಗಿ ಇಷ್ಟು ರಾದ್ಧಾಂತವೇ ಅಂದವರಿದ್ದರು. ನೀರು ಯಾರಪ್ಪನ ಸ್ವತ್ತೂ ಅಲ್ಲ ಅಂತ ಆವತ್ತು ತೀರ್ಮಾನವಾಯಿತು. ನೆರಳಿನ ಲೆಕ್ಕ ಇನ್ನೂ ಬಾಕಿ ಇದೆ.